ಪತ್ರದ ಕೊನೆಯ ನಾಲ್ಕು ಸಾಲು

ಪ್ರಶ್ನೆ:

ಪಾಸ್ಟರ್ ಅವರಿಗೆ ಕರ್ತನಲ್ಲಿ ವಂದನೆಗಳು. ನನಗೆ 34 ವರ್ಷ. ತವರು ಗದಗ-ಬೆಟಗೇರಿ. ಅಜ್ಜನ ಕಾಲದಿಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರು. ಮದುವೆಯಾಗಿ ಹುಬ್ಬಳ್ಳಿಗೆ ಬಂದು ಒಂಬತ್ತು ವರ್ಷವಾಯಿತು. ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆಯುಧ ಪೂಜೆಯ ದಿನ ಅಂಗಡಿಯವರೆಲ್ಲ ನಿಲ್ಲಬೇಕು. ನನ್ನ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಚೆಂಡು ಹೂ ಹಾಕುತ್ತಾರೆ. ಆಮೇಲೆ ಪ್ರಸಾದ ಕೊಡುತ್ತಾರೆ. ಇಷ್ಟು ವರ್ಷ ಸುಮ್ನೆ ತಿನ್ನುತ್ತಿದ್ದೆ. ನಮ್ಮ ಅತ್ತೆ ಈಗ ಬೇರೆ ಪ್ರಾರ್ಥನಾ ಸಭೆಗೆ ಹೋಗುತ್ತಾರೆ. "ಪ್ರಸಾದ ತಿಂದ ಬಾಯಲ್ಲೇ ಕರ್ತನ ಭೋಜನ ತಗೋತೀಯಾ? ಮನೆಗೆ ಶಾಪ ತರ್ತೀಯಾ" ಅನ್ನುತ್ತಾರೆ. ಹೋದ ವರ್ಷ ದಸರಾ ಮುಗಿದ ಮೇಲೆ ಮಗನಿಗೆ ಡೆಂಗಿ ಬಂತು. ಅದಕ್ಕೂ ಇದೇ ಕಾರಣ ಅಂದರು. ಅವತ್ತಿನಿಂದ ನನಗೆ ಭಯ. ಜೊತೆಗೆ ಜಿಎಸ್‌ಟಿ ಕಟ್ಟುವ ತಾರೀಖು ಹತ್ತಿರ ಬಂದಾಗ ಭಾನುವಾರವೂ ಕೆಲಸಕ್ಕೆ ಹೋಗಬೇಕು. ಆರಾಧನೆ ತಪ್ಪುತ್ತದೆ. ಇದು ಪಾಪವೇ?

ಇನ್ನೊಂದು ಸಣ್ಣ ವಿಷಯ. ಅಂಗಡಿಯ ಕಚ್ಚಾ ಲೆಕ್ಕವನ್ನೂ, ಅಂದರೆ ಬಿಲ್ ಇಲ್ಲದ ವ್ಯಾಪಾರದ ಲೆಕ್ಕವನ್ನೂ, ನಾನೇ ನೋಡುತ್ತೇನೆ. ಅದಕ್ಕೆ ಸಾವ್ಕಾರ್ರು ತಿಂಗಳಿಗೆ 2,000 ರೂಪಾಯಿ ಬೇರೆ ಲಕೋಟೆಯಲ್ಲಿ ಕೊಡುತ್ತಾರೆ. ಆ ದುಡ್ಡನ್ನು ಮನೆಗೆ ಬಳಸದೆ ಪೂರ್ತಿ ಕಾಣಿಕೆ ಚೀಲಕ್ಕೆ ಹಾಕುತ್ತೇನೆ. ಮಗನ ಆಸ್ಪತ್ರೆ ಖರ್ಚಿಗೆ 40,000 ಕೊಟ್ಟವರು ಅವರೇ, ಉಂಡ ಮನೆಗೆ ಎರಡು ಬಗೆಯಬಾರದು ಅಲ್ವಾ?

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡು ಪುಟದ ಪತ್ರ. ಇಲ್ಲಿ ಕೊಟ್ಟಿರುವುದು ಅದರ ಸಾರ ಮಾತ್ರ. ಒಂದೂವರೆ ಪುಟದ ತುಂಬ ಪ್ರಸಾದದ ಚಿಂತೆ ಇದೆ. ಭಾನುವಾರದ್ದು ಅರ್ಧ ಪುಟಕ್ಕೂ ಕಡಿಮೆ. ಕಚ್ಚಾ ಲೆಕ್ಕದ ಮಾತು ಕೊನೆಯಲ್ಲಿ ನಾಲ್ಕೇ ಸಾಲು. ಅದಕ್ಕೆ "ಸಣ್ಣ ವಿಷಯ" ಅಂತ ಹೆಸರು ಬೇರೆ. ಆದರೆ ನಿಮ್ಮ ಅಕ್ಷರ ಅಲ್ಲಿಯವರೆಗೆ ಗುಂಡಗೆ ಇದ್ದದ್ದು ಆ ನಾಲ್ಕು ಸಾಲಿನಲ್ಲಿ ಓಡಿದೆ. ಮನಸ್ಸಿಗೆ ಎಲ್ಲಿ ನೋಯುತ್ತಿದೆ ಅಂತ ಕೈಗೆ ಗೊತ್ತಿರುತ್ತದೆ.

ಸಭಾಪಾಲಕನಾಗಿ ಮೂವತ್ತು ವರ್ಷ ದಾಟಿತು. ಇಂಥ ಪ್ರಶ್ನೆ ತಂದವರಲ್ಲಿ ಬ್ಯಾಂಕಿನವರು, ಬಸ್ ಕಂಡಕ್ಟರುಗಳು, ನರ್ಸುಗಳು, ಗುತ್ತಿಗೆದಾರರು ಎಲ್ಲರೂ ಇದ್ದಾರೆ. ಹೆಚ್ಚಿನವರು ನಿಮ್ಮ ಹಾಗೆಯೇ ಶುರು ಮಾಡುತ್ತಾರೆ. ಕಣ್ಣಿಗೆ ಕಾಣುವುದನ್ನು ಮೊದಲು ಹೇಳುತ್ತಾರೆ. ಎದ್ದು ಹೋಗುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ನಿಜವಾದ ಮಾತು ಬರುತ್ತದೆ. ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಕೊನೆಯದಕ್ಕೆ ಜಾಸ್ತಿ ಜಾಗ ಬೇಕು.

ಮೊದಲು ಮಗನ ಜ್ವರದ ಮಾತು. ತಾಯಿಯ ಎದೆಯ ಮೇಲೆ ಇಂಥ ಕಲ್ಲು ಇಡಬಾರದು. ಡೆಂಗಿ ಬರುವುದು ಸೊಳ್ಳೆಯಿಂದ. ಮಳೆಗಾಲ ಮುಗಿಯುವ ಹೊತ್ತಿಗೆ ನಿಂತ ನೀರಲ್ಲಿ ಆ ಸೊಳ್ಳೆ ಹೆಚ್ಚುತ್ತದೆ, ದಸರಾ ಬರುವುದೂ ಅದೇ ಹೊತ್ತಿಗೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ನೋಡಿದ ಶಿಷ್ಯರು ಯೇಸುವನ್ನು ಇದನ್ನೇ ಕೇಳುತ್ತಾರೆ. ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಅನ್ನುತ್ತಾನೆ ಯೇಸು. ಹಾಗೆ ಹೇಳಿ ಆ ಮನುಷ್ಯನ ಕಣ್ಣಿಗೆ ಮಣ್ಣು ಹಚ್ಚುತ್ತಾನೆ, ವಾಸಿ ಮಾಡುತ್ತಾನೆ. ನಿಮ್ಮ ಮಗ ಹುಷಾರಾಗಿದ್ದಾನೆ. ದೇವರಿಗೆ ಸ್ತೋತ್ರ ಹೇಳಿ, ಮನೆ ಸುತ್ತ ಡಬ್ಬಿ, ಟೈರುಗಳಲ್ಲಿ ನಿಂತ ನೀರು ಚೆಲ್ಲಿ. ಶಾಪದ ಮಾತನ್ನು ಮನಸ್ಸಿನಿಂದ ತೆಗೆದುಬಿಡಿ.

ಹಾಗಾದರೆ ಪ್ರಸಾದ ತಿನ್ನಬಹುದೇ? ಇಲ್ಲಿ ಎರಡು ಮಾತು ಬೆರೆತುಹೋಗಿವೆ. ಪ್ರಸಾದ ಹೊಟ್ಟೆಗೆ ಹೋದರೆ ಏನೋ ಅಂಟಿಕೊಳ್ಳುತ್ತದೆ ಅನ್ನುವುದು ಒಂದು. ಅದಕ್ಕೆ ಸತ್ಯವೇದದಲ್ಲಿ ಆಧಾರವಿಲ್ಲ. ಒಳಗೆ ಹೋಗುವುದು ಮನುಷ್ಯನನ್ನು ಅಶುದ್ಧ ಮಾಡುವುದಿಲ್ಲ ಅಂತ ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ಬೇರೆ ದೇವರ ಪೂಜೆಯಲ್ಲಿ ಕ್ರೈಸ್ತರು ಪಾಲು ತೆಗೆದುಕೊಳ್ಳಬಹುದೇ ಅನ್ನುವುದು ಇನ್ನೊಂದು. ಇದು ನಿಜವಾದ ಪ್ರಶ್ನೆ, ಬಹಳ ಹಳೆಯದು ಕೂಡ. ಅತ್ತೆಯವರು ಹೇಳಿದ ಕಾರಣ ತಪ್ಪಿರಬಹುದು. ಅವರ ಪ್ರಶ್ನೆ ತಪ್ಪಲ್ಲ.

ಕೊರಿಂಥದ ಸಭೆ ಪೌಲನಿಗೆ ಹೆಚ್ಚುಕಡಿಮೆ ಇದನ್ನೇ ಕೇಳಿತ್ತು. ಆ ಊರಿನ ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಗುಡಿಗಳಲ್ಲಿ ಬಲಿ ಕೊಟ್ಟದ್ದೂ ಸೇರಿರುತ್ತಿತ್ತು. ಕ್ರೈಸ್ತರು ಅದನ್ನು ಕೊಳ್ಳಬಹುದೇ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಪೌಲ ಒಂದೇ ಸಾಲಿನಲ್ಲಿ ಮುಗಿಸುವುದಿಲ್ಲ. ಪೂಜೆಯ ಪಂಕ್ತಿಯಲ್ಲಿ ಕೂತು ಉಣ್ಣಬೇಡಿ, ಕರ್ತನ ಮೇಜಿಗೂ ಆ ಮೇಜಿಗೂ ಎರಡಕ್ಕೂ ಪಾಲುಗಾರರಾಗಲು ಬರುವುದಿಲ್ಲ ಅನ್ನುತ್ತಾನೆ. ಪೇಟೆಯಲ್ಲಿ ಸಿಕ್ಕಿದ್ದನ್ನು ಎಲ್ಲಿಂದ ಬಂತು ಅಂತ ಕೇಳದೆ ತಿನ್ನಿ ಅಂತಲೂ ಹೇಳುತ್ತಾನೆ. ಯಾರಾದರೂ ಮನೆಗೆ ಕರೆದರೆ ಬಡಿಸಿದ್ದನ್ನು ಊಟ ಮಾಡಿ. ಆದರೆ "ಇದು ನೈವೇದ್ಯ ಮಾಡಿದ್ದು" ಅಂತ ಎದುರಿನವರು ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಟ್ಟುಬಿಡಿ.

ಆದ್ದರಿಂದ ಸಭೆಗಳಲ್ಲಿ ಎರಡು ನಡವಳಿಕೆ ಉಳಿದುಬಂದಿದೆ. ಪ್ರಸಾದ ಮುಟ್ಟುವುದೇ ಇಲ್ಲ ಅನ್ನುವವರು ಇದ್ದಾರೆ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಬೇಕು ಅನ್ನುವ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದ ತೀರ್ಮಾನ ಅವರ ಕಡೆಗಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ನೆರೆಯವರು ಪ್ರೀತಿಯಿಂದ ಕೊಟ್ಟ ತಿಂಡಿ ಅಂತ ತೆಗೆದುಕೊಳ್ಳುವವರೂ ಇದ್ದಾರೆ. ನಾನು ಪೂಜೆಯ ಪ್ರಸಾದ ತಿನ್ನುವುದಿಲ್ಲ. ಹಬ್ಬದ ಹೋಳಿಗೆ ಕೊಟ್ಟರೆ ತಿನ್ನುತ್ತೇನೆ. ಆ ಗೆರೆ ನನ್ನ ಮನಸ್ಸಾಕ್ಷಿ ಎಳೆದದ್ದು, ನಿಮ್ಮ ಮೇಲೆ ಹೇರುವುದಿಲ್ಲ.

ಬೇಡ ಅನ್ನುವುದಾದರೆ ಹೇಗೆ ಅನ್ನಬೇಕು ಅನ್ನುವುದು ಮುಖ್ಯ. ಕೆಲವು ವರ್ಷದ ಹಿಂದೆ ನಮ್ಮ ಸಭೆಯ ಒಬ್ಬ ಹುಡುಗ ಆಫೀಸಿನ ಪೂಜೆಯಲ್ಲಿ ತಟ್ಟೆಯಿಂದ ಮಂಡಕ್ಕಿ, ಕೊಬ್ಬರಿ ಚೂರು ತೆಗೆದುಕೊಂಡ. ಎಲ್ಲರೂ ಆಚೆ ಹೋದ ಮೇಲೆ ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದ. ಸಂಜೆ ಕಸ ಗುಡಿಸುವ ಅಮ್ಮ ಅದನ್ನು ನೋಡಿದರು. ಬೆಳಗ್ಗೆಯಿಂದ ಉಪವಾಸವಿದ್ದು, ಅದೇ ಪೂಜೆಗೆ ಅಂಗಳ ತೊಳೆದು ರಂಗೋಲಿ ಹಾಕಿದವರು ಅವರು. ಏನೂ ಅನ್ನಲಿಲ್ಲ. ಮಂಡಕ್ಕಿಯನ್ನು ಒಂದೊಂದಾಗಿ ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡರು. ಬಾಗಿಲಲ್ಲಿ ನಿಂತು ನೋಡಿದ ಆ ಹುಡುಗ ನನ್ನ ಹತ್ತಿರ ಬಂದು ಅತ್ತ. ನಮ್ಮ ಕರ್ತನ ಭೋಜನದ ರೊಟ್ಟಿಯನ್ನು ಯಾರಾದರೂ ಹಾಗೆ ಎಸೆದರೆ ನಮಗೆ ಹೇಗಾಗುತ್ತದೆ? ಅವರಿಗೂ ಹಾಗೇ ಆಗುತ್ತದೆ. ತಿನ್ನುವುದಿಲ್ಲ ಅಂತ ತೀರ್ಮಾನಿಸಿದರೆ ಮುಖ ಸಿಂಡರಿಸದೆ, ಕೈ ಜೋಡಿಸಿ, "ಅಣ್ಣಾ, ನಮ್ಮಲ್ಲಿ ತಗೊಳ್ಳೋದಿಲ್ಲ, ತಪ್ಪು ತಿಳೀಬೇಡಿ" ಅನ್ನಿ. ನಮ್ಮ ಸೀಮೆಯ ಜನರಿಗೆ ಅಷ್ಟು ಸಾಕು. ಉಪವಾಸ, ವ್ರತ, ಮಡಿ ಅಂತ ಬೇಡ ಅನ್ನುವುದು ಅವರಿಗೂ ಗೊತ್ತು. ಯಾರೂ ಕಾರಣ ಕೆದಕುವುದಿಲ್ಲ.

ಪೂಜೆಯ ಹೊತ್ತಿನಲ್ಲಿ ನಿಲ್ಲುವುದರ ಬಗ್ಗೆ ಹೇಳುವುದಾದರೆ, ಸಿರಿಯದ ಸೇನಾಪತಿ ನಾಮಾನನನ್ನು ನೆನಪು ಮಾಡಿಕೊಳ್ಳಿ. ಎರಡನೇ ಅರಸುಗಳು, 5ನೇ ಅಧ್ಯಾಯ. ಕುಷ್ಠ ವಾಸಿಯಾದ ಮೇಲೆ ಅವನು ಇಸ್ರಾಯೇಲಿನ ದೇವರನ್ನು ನಂಬಿದ. ಆದರೆ ನೌಕರಿ ಬಿಡುವಂತಿಲ್ಲ. ಅರಸ ರಿಮ್ಮೋನನ ಗುಡಿಗೆ ಹೋಗಿ ನನ್ನ ಕೈಗೆ ಒರಗಿ ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಅದೊಂದನ್ನು ದೇವರು ಕ್ಷಮಿಸಲಿ ಅಂತ ಪ್ರವಾದಿ ಎಲೀಷನನ್ನು ಬೇಡಿಕೊಂಡ. ಎಲೀಷ ಬೈಯಲಿಲ್ಲ. ಸಮಾಧಾನದಿಂದ ಹೋಗು ಅಂದ. ಕೆಲಸದ ಜಾಗದಲ್ಲಿ ಗೌರವಕ್ಕೆ ನಿಲ್ಲುವುದು ಒಂದು, ಆರತಿ ಎತ್ತಿ ಪೂಜೆ ಮಾಡುವುದು ಇನ್ನೊಂದು. ಕಂಪ್ಯೂಟರಿಗೆ ಅವರು ಕುಂಕುಮ ಹಚ್ಚಿದರೆ ಅದು ಅವರ ಭಕ್ತಿ, ಅವರ ಅಂಗಡಿ. ನೀವು ಅಳುಕಬೇಕಾಗಿಲ್ಲ.

ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ. ಈ ಪುಟ ತೋರಿಸಿ "ನೋಡಿ, ಪಾಸ್ಟರೇ ಬರೆದಿದ್ದಾರೆ" ಅಂತಲೂ ಅನ್ನಬೇಡಿ. ನನ್ನ ಊಟದಿಂದ ಸಹೋದರನಿಗೆ ಅಡ್ಡಿಯಾಗುವುದಾದರೆ ನಾನು ಮಾಂಸವನ್ನೇ ತಿನ್ನುವುದಿಲ್ಲ ಅಂತ ಬರೆದವನೂ ಅದೇ ಪೌಲ. ಅವರಿಗೆ ನೋವಾಗುತ್ತದೆ ಅನ್ನುವುದು ಒಂದೇ ಕಾರಣಕ್ಕೆ ನೀವು ಈ ವರ್ಷ ಪ್ರಸಾದ ಬಿಟ್ಟರೂ ಅದು ಒಳ್ಳೆಯ ಕಾರಣವೇ. ಭಯದಿಂದ ಬಿಡಬೇಡಿ, ಅಷ್ಟೇ.

ಭಾನುವಾರದ್ದು ಬೇಗ ಮುಗಿಸುತ್ತೇನೆ. 11ನೇ ತಾರೀಖು, 20ನೇ ತಾರೀಖು ಅಂದರೆ ಲೆಕ್ಕದವರಿಗೆ ಉಸಿರಾಡಲು ಬಿಡುವಿಲ್ಲ ಅಂತ ನನಗೂ ಗೊತ್ತು. ನರ್ಸು, ಡ್ರೈವರು, ಪೊಲೀಸರು ಭಾನುವಾರ ದುಡಿಯುವುದರಿಂದಲೇ ಉಳಿದವರು ಆರಾಮವಾಗಿ ಆರಾಧನೆಗೆ ಬರುತ್ತಾರೆ. ಭಾನುವಾರ ರಜೆ ಅನ್ನುವ ಸರ್ಕಾರಿ ಕಟ್ಟಳೆ ಬಂದದ್ದು 321ರಲ್ಲಿ, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನಿಂದ. ಅದರಲ್ಲೂ ರೈತರಿಗೆ ಕೆಲಸ ಮಾಡಲು ಬಿಡುವು ಕೊಟ್ಟಿದ್ದ. ಅದಕ್ಕೆ ಮುಂಚಿನ ಸುಮಾರು ಮುನ್ನೂರು ವರ್ಷ ಕ್ರೈಸ್ತರಿಗೆ ಭಾನುವಾರ ದುಡಿಮೆಯ ದಿನವೇ ಆಗಿತ್ತು. ಅವರು ಬೆಳಕು ಹರಿಯುವ ಮುಂಚೆ ಸೇರುತ್ತಿದ್ದರು. ನಿಮ್ಮ ಸಭೆಯಲ್ಲಿ ಬೆಳಗಿನ ಮೊದಲ ಆರಾಧನೆ ಇದ್ದರೆ ಅದಕ್ಕೆ ಹೋಗಿ ಆಮೇಲೆ ಅಂಗಡಿಗೆ ಹೋಗಿ. ಇಲ್ಲವಾದರೆ ಆ ವಾರ ಸಂಜೆ ಕೂಟಕ್ಕೆ ಬನ್ನಿ. ಸಬ್ಬತ್ (ವಿಶ್ರಾಂತಿಯ ದಿನ) ಇರುವುದು ಮನುಷ್ಯನಿಗಾಗಿ ಅಂದವನು ನಮ್ಮ ಕರ್ತನೇ. ಒಂದು ಎಚ್ಚರ ಇರಲಿ. ತಿಂಗಳಿಗೆ ಒಂದು ಭಾನುವಾರ ಅಂತ ಶುರುವಾದದ್ದು ನಾಲ್ಕಾಗಲು ಜಾಸ್ತಿ ದಿನ ಬೇಕಿಲ್ಲ. ಎಷ್ಟು ಅನ್ನುವುದನ್ನು ಸಾವ್ಕಾರರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ವಾರದಲ್ಲಿ ಬದಲಿ ರಜೆ ಕೇಳಿ.

ಬೆಳಕು ಹರಿಯುವ ಮುಂಚೆ ಸೇರುತ್ತಿದ್ದರು ಅಂದೆನಲ್ಲ, ಅದು ನಮಗೆ ಗೊತ್ತಾಗಿರುವುದು ಕ್ರೈಸ್ತನಲ್ಲದ ಒಬ್ಬ ಅಧಿಕಾರಿಯ ಪತ್ರದಿಂದ. ಅವನ ಹೆಸರು ಪ್ಲಿನಿ. ಈಗಿನ ಟರ್ಕಿಯ ಉತ್ತರ ಭಾಗದ ಬಿಥೂನ್ಯದಲ್ಲಿ ರೋಮಿನ ರಾಜ್ಯಪಾಲನಾಗಿದ್ದ. ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನನಿಗೆ ಬರೆದ. ಈ ಕ್ರೈಸ್ತರು ಅನ್ನುವವರು ಏನು ಮಾಡುತ್ತಾರೆ ಅಂತ ತಿಳಿಯಲು ಇಬ್ಬರು ಹೆಂಗಸರನ್ನು ಹಿಡಿದು ಹಿಂಸೆ ಕೊಟ್ಟು ವಿಚಾರಿಸಿದ್ದ. ಇಬ್ಬರೂ ದಾಸಿಯರು, ಸಭೆಯಲ್ಲಿ ಸೇವಕಿಯರು. ಅವನ ವಿಚಾರಣೆಯಲ್ಲಿ ಏನು ಸಿಕ್ಕಿತು ಗೊತ್ತಾ? ಇವರು ಗೊತ್ತಾದ ಒಂದು ದಿನ ಮುಂಜಾನೆ ಸೇರುತ್ತಾರೆ. ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಆಮೇಲೆ ಒಂದು ಆಣೆ ಮಾಡುತ್ತಾರೆ. ಕದಿಯುವುದಿಲ್ಲ, ದೋಚುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟದ್ದನ್ನು ಕೇಳಿದಾಗ ಇಲ್ಲ ಅನ್ನುವುದಿಲ್ಲ.

ಈ ಪತ್ರ ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಇವರಲ್ಲಿ ಕ್ರಿಸ್ತನನ್ನು ಬಿಡಲು ಒಪ್ಪದೆ ಸತ್ತವರಿದ್ದಾರೆ. ಬಲಿಯ ಮಾಂಸ ಕೊಳ್ಳುವವರು ಬಹಳ ಅಪರೂಪವಾಗಿದ್ದರು ಅಂತಲೂ ಅದೇ ಪತ್ರದಲ್ಲಿ ಇದೆ. ಅಂದರೆ ನಿಮ್ಮ ಅತ್ತೆಯವರ ಪ್ರಶ್ನೆ ಅವರಿಗೂ ಇತ್ತು. ಆದರೂ ವಾರ ವಾರ ಬಾಯಿಬಿಟ್ಟು ಆಣೆ ಮಾಡಿದ್ದು ಲೇವಾದೇವಿಯ ಬಗ್ಗೆ, ಕೊಟ್ಟ ಮಾತಿನ ಬಗ್ಗೆ, ಬೇರೆಯವರ ಹಣದ ಬಗ್ಗೆ.

ಈಗ ನಿಮ್ಮ ಕೊನೆಯ ನಾಲ್ಕು ಸಾಲಿಗೆ ಬರೋಣ.

ಅದು ಯಾಕೆ ಕೊನೆಗೆ ಹೋಯಿತು ಅಂತ ನನಗೆ ಅರ್ಥವಾಗುತ್ತದೆ. ಪ್ರಸಾದ ಎಲ್ಲರ ಎದುರು ಬರುತ್ತದೆ. ತಿಂದರೆ ಅತ್ತೆಗೆ ಗೊತ್ತಾಗುತ್ತದೆ, ತಿನ್ನದಿದ್ದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಕಚ್ಚಾ ಚೀಟಿ ರಾತ್ರಿ ಏಳಕ್ಕೆ ಷಟರ್ ಅರ್ಧ ಇಳಿದ ಮೇಲೆ ಡ್ರಾಯರಿನಿಂದ ಹೊರಗೆ ಬರುತ್ತದೆ. ನಾವು ಊರಲ್ಲಿ ಕೆಲವೇ ಮನೆಯವರು. ಯಾವುದು ನಮ್ಮನ್ನು ಬೇರೆ ಮಾಡಿ ತೋರಿಸುತ್ತದೋ ಅದನ್ನೇ ವಿಶ್ವಾಸ ಅಂತ ಕಾಯುವ ಅಭ್ಯಾಸ ನಮಗೆ ಬಂದುಬಿಟ್ಟಿದೆ. ತಪ್ಪು ಸಭಾಪಾಲಕರದ್ದೂ ಇದೆ. ಕುಂಕುಮ, ಪ್ರಸಾದ, ಸಿನಿಮಾ, ಕುಡಿತದ ಮೇಲೆ ಎಷ್ಟೋ ಪ್ರಸಂಗ ಮಾಡಿದ್ದೇವೆ. ತಕ್ಕಡಿಯ ಮೇಲೆ, ಬಿಲ್ಲಿನ ಮೇಲೆ ಬಹಳ ಕಡಿಮೆ. ಸತ್ಯವೇದದಲ್ಲಿ ತಕ್ಕಡಿಯ ಮಾತು ಕಡಿಮೆ ಇಲ್ಲ. ನಿನ್ನ ಚೀಲದಲ್ಲಿ ದೊಡ್ಡದು ಚಿಕ್ಕದು ಅಂತ ಎರಡು ಬಗೆಯ ತೂಕದ ಕಲ್ಲು ಇರಬಾರದು ಅನ್ನುತ್ತದೆ ಧರ್ಮೋಪದೇಶಕಾಂಡದ 25ನೇ ಅಧ್ಯಾಯ. ಎರಡು ಕಲ್ಲು, ಎರಡು ಪುಸ್ತಕ. ಜಾಸ್ತಿ ವ್ಯತ್ಯಾಸವಿಲ್ಲ, ಅಲ್ವಾ?

ಇದರಲ್ಲಿ ನಿಮಗಿರುವ ಅಪಾಯವನ್ನೂ ಬಿಚ್ಚಿ ಹೇಳಬೇಕು, ಯಾಕೆಂದರೆ ನಿಮಗೆ ಯಾರೂ ಹೇಳಿದಂತಿಲ್ಲ. ಮಾಲು ಕೊಟ್ಟು ತೆರಿಗೆ ತಪ್ಪಿಸಲು ಬಿಲ್ ಕೊಡದಿರುವುದು, ಮಾಲು ಇಲ್ಲದೆ ಬರೀ ಬಿಲ್ ಕೊಡುವುದು, ಎರಡೂ ಜಿಎಸ್‌ಟಿ ಕಾನೂನಿನಲ್ಲಿ ಅಪರಾಧ. ಅದು ಮಾಲೀಕರ ತಲೆನೋವು ಅಂದುಕೊಳ್ಳಬೇಡಿ. ಮೋಸದ ಉದ್ದೇಶದಿಂದ ಮಾಲೀಕನ ಲೆಕ್ಕವನ್ನು ಸುಳ್ಳು ಮಾಡುವ ಗುಮಾಸ್ತ, ನೌಕರನಿಗೇ ಏಳು ವರ್ಷದವರೆಗೆ ಶಿಕ್ಷೆ ಹೇಳುವ ಕಲಂ ಹಳೆಯ ಐಪಿಸಿಯಲ್ಲಿತ್ತು. 477ಎ ಅಂತ. ಈಗಿನ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಕಂಪ್ಯೂಟರಿನಲ್ಲಿ ಲಾಗಿನ್ ಯಾರ ಹೆಸರಲ್ಲಿದೆ? ಚೀಟಿಯ ಮೇಲಿನ ಅಕ್ಷರ ಯಾರದ್ದು? ಅಧಿಕಾರಿಗಳು ಬಂದ ದಿನ "ಲೆಕ್ಕದವರಿಗೇ ಗೊತ್ತು" ಅನ್ನುವ ಮಾತು ಎಷ್ಟು ಸುಲಭವಾಗಿ ಬರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಸಭೆಯ ಒಬ್ಬರು ಹಾಗೆ ಎರಡು ವರ್ಷ ಕೋರ್ಟಿಗೆ ಅಲೆದರು.

ಮತ್ತೆ ಆ ಲಕೋಟೆ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವಾಗ ನಾನೂ ಕೂರುತ್ತೇನೆ. ಮೇಜಿನ ಮೇಲೆ ಚೀಲ ಬೋರಲು ಹಾಕುತ್ತೇವೆ. ಹತ್ತರ ನೋಟು, ಮಕ್ಕಳು ಬಿಗಿಯಾಗಿ ಹಿಡಿದು ಒದ್ದೆ ಮಾಡಿದ ನಾಣ್ಯ, ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಹಿಡಿದವರ ಬಾಕಿ, ಎಲ್ಲ ಬರುತ್ತದೆ. ಕೆಲವೊಮ್ಮೆ ಹೆಸರಿಲ್ಲದ ಲಕೋಟೆಯಲ್ಲಿ ಒಂದೇ ಮಡಿಕೆಯ ಹೊಸ ನೋಟು ಬರುತ್ತದೆ. ಯಾರೋ ಉದಾರಿಗಳು ಅಂತ ಸಂತೋಷಪಡುತ್ತೇವೆ. ನಿಮ್ಮ ಪತ್ರ ಓದಿದ ಮೇಲೆ ಆ ಮೇಜಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕಾಣಿಕೆ ಚೀಲಕ್ಕೆ ಬಿದ್ದ ಮಾತ್ರಕ್ಕೆ ಹಣ ತೊಳೆದುಕೊಳ್ಳುವುದಿಲ್ಲ, ತಂಗಿ. ಆ ದುಡ್ಡನ್ನು ಮನೆಗೆ ಒಯ್ಯಲು ನಿಮಗೆ ಮನಸ್ಸಾಗಿಲ್ಲ. ನಿಮ್ಮ ಮಕ್ಕಳ ಊಟಕ್ಕೆ ಬೇಡವಾದ ದುಡ್ಡು ಕರ್ತನ ಮನೆಗೆ ಯಾಕೆ? ಬೈಯುತ್ತಿಲ್ಲ. ಅದನ್ನು ಬಳಸದೆ ಇದ್ದದ್ದು ನಿಮ್ಮ ಮನಸ್ಸಾಕ್ಷಿ ಜೀವಂತವಾಗಿದೆ ಅನ್ನುವುದಕ್ಕೆ ಗುರುತು. ಅದನ್ನು ನಂಬಿ.

ಸುಂಕದವನಾದ ಜಕ್ಕಾಯನ ಕಥೆಯಲ್ಲಿ ನನಗೆ ಬಹಳ ಹಿಡಿಸುವುದು ಒಂದು ಅಂಶ. ಯೇಸು ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದಾಗ ಅವನು ಇನ್ನೂ ಒಂದು ಕಾಸನ್ನೂ ವಾಪಸ್ ಕೊಟ್ಟಿರಲಿಲ್ಲ. ಸುಂಕದ ಪುಸ್ತಕ ಹಾಗೇ ಇತ್ತು. ಕರ್ತನು ಮೊದಲು ಬಂದ, ಲೆಕ್ಕ ಆಮೇಲೆ ಸರಿಯಾಯಿತು. ಸರಿಯಾದಾಗ ಬರೀ ದೇವಾಲಯಕ್ಕೆ ಕಾಣಿಕೆ ಹಾಕಿ ಮುಗಿಸಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಹೋದವರಿಗೆ ನಾಲ್ಕರಷ್ಟು. ಹಾಗಾಗಿ ನೀವು ಮುಂದಿನ ಭಾನುವಾರ ಕರ್ತನ ಭೋಜನಕ್ಕೆ ಬರಬಹುದೇ ಅಂತ ಹೆದರಬೇಡಿ. ಬನ್ನಿ. ಆದರೆ ಪುಸ್ತಕವನ್ನು ಹಾಗೇ ಇಟ್ಟುಕೊಳ್ಳುವ ಮನಸ್ಸಿನಿಂದ ಬರಬೇಡಿ.

ಏನು ಮಾಡಬಹುದು? ನಾಳೆಯೇ ಕೆಲಸ ಬಿಡಿ ಅನ್ನುವುದಿಲ್ಲ. ಒಂದು ಕಾಲಕ್ಕೆ ಅಂದಿದ್ದೆ. ಆಗ ನನಗೆ 28 ವರ್ಷ. ಒಬ್ಬ ಅಣ್ಣ ಇಂಥದ್ದೇ ಮಾತು ತಂದರು. ಬಾಡಿಗೆ ಎಷ್ಟು, ಮಕ್ಕಳ ಫೀಸು ಎಷ್ಟು ಅಂತ ಕೇಳದೆ "ದೇವರು ನೋಡಿಕೊಳ್ಳುತ್ತಾನೆ, ಬಿಡಿ" ಅಂದೆ. ಅವರು ಬಿಟ್ಟರು. ನಾಲ್ಕು ತಿಂಗಳು ಬೇರೆ ಕೆಲಸ ಸಿಗಲಿಲ್ಲ. ಸಾಲ ಆಯಿತು. ಮುಖ ತೋರಿಸಲು ಸಂಕೋಚಪಟ್ಟು ಸಭೆಗೆ ಬರುವುದನ್ನೇ ನಿಲ್ಲಿಸಿದರು. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿನಲ್ಲಿದೆ. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂದಾಗ ಅವನು ಕೆಲಸ ಬಿಡಿ ಅನ್ನಲಿಲ್ಲ. ನೇಮಕವಾದದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂದ. ಕೆಲಸ ಇರಲಿ, ಕೈ ಶುದ್ಧವಾಗಲಿ ಅನ್ನುವ ದಾರಿಯನ್ನು ಮೊದಲು ಹುಡುಕಬೇಕು.

ನಾನು ಯೋಚಿಸಿದಂತೆ ಮೊದಲು ಬಿಡಿಸಿಕೊಳ್ಳಬೇಕಾದದ್ದು ಆ 40,000ದ ಗಂಟು. ಕಷ್ಟಕಾಲದಲ್ಲಿ ಅವರು ಕೈ ಹಿಡಿದರು, ಅದು ನಿಜವಾದ ಉಪಕಾರ. ಅದನ್ನು ಸಣ್ಣದು ಮಾಡಬೇಡಿ. ಆದರೆ ಆ ಋಣ ಇರುವವರೆಗೆ ಅವರ ಎದುರು ನಿಮ್ಮ ನಾಲಿಗೆ ಏಳುವುದಿಲ್ಲ. ಸಂಬಳದಲ್ಲಿ ತಿಂಗಳಿಗೆ ಇಷ್ಟು ಹಿಡಿದುಕೊಳ್ಳಿ ಅಂತ ನೀವೇ ಕೇಳಿ, ಬರೆದಿಟ್ಟುಕೊಳ್ಳಿ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವುದು ಒಳ್ಳೆಯ ಮಾತು. ಅವರ ಹಣ ಕದಿಯಬೇಡಿ, ಅವರ ಗುಟ್ಟನ್ನು ಪಕ್ಕದ ಅಂಗಡಿಗೆ ಹೇಳಬೇಡಿ, ಕೊಟ್ಟ ಸಾಲ ತೀರಿಸಿ. ಅವರ ಸುಳ್ಳಿಗೆ ನಿಮ್ಮ ಕೈಬರಹ ಕೊಡಬೇಕು ಅಂತ ಆ ಗಾದೆ ಹೇಳುವುದಿಲ್ಲ.

ಆಮೇಲೆ ಮಾತಾಡಿ. ಅಂಗಡಿ ಖಾಲಿ ಇರುವ ಹೊತ್ತು ನೋಡಿ, ಒಬ್ಬರೇ ಇರುವಾಗ. ಉಪದೇಶ ಬೇಡ, ಕಾನೂನಿನ ಬೆದರಿಕೆ ಬೇಡ. "ಸಾವ್ಕಾರ್ರೆ, ಪಕ್ಕಾ ಲೆಕ್ಕ ಎಷ್ಟು ಹೊತ್ತಾದರೂ ಕೂತು ಬರೀತೀನಿ. ಕಚ್ಚಾ ಚೀಟಿ ಮಾತ್ರ ನನ್ನ ಕೈಯಲ್ಲಿ ಬೇಡ. ನನಗೆ ನಿದ್ದೆ ಬರ್ತಾ ಇಲ್ಲ." ಇಷ್ಟೇ ಸಾಕು. ಕೆಲವರು ಒಪ್ಪುತ್ತಾರೆ. ಸುಳ್ಳು ಬರೆಯುವುದಿಲ್ಲ ಅನ್ನುವವರು ಗಲ್ಲಾದ ಹಣವನ್ನೂ ಮುಟ್ಟುವುದಿಲ್ಲ ಅಂತ ವ್ಯಾಪಾರ ಮಾಡುವವರಿಗೆ ಗೊತ್ತು. ಕೆಲವರು ಮುಖ ಗಂಟು ಹಾಕಿಕೊಂಡು ಆ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಆಗ ಅಂಗಡಿಯಲ್ಲಿ ಸುಳ್ಳು ಮುಂದುವರಿಯುತ್ತದೆ, ನಿಮ್ಮ ಕೈಯಿಂದ ಆಗುವುದಿಲ್ಲ. ಅದನ್ನು ಒಪ್ಪಿ ಎಷ್ಟು ದಿನ ಇರಬಹುದು ಅಂತ ಪ್ರಾರ್ಥನೆಯಲ್ಲಿ ನೀವೇ ಕೇಳಿಕೊಳ್ಳಬೇಕು. ಕೆಲವರು ನೌಕರಿಯಿಂದಲೇ ತೆಗೆಯುತ್ತಾರೆ. ಆ ಸಾಧ್ಯತೆ ನಿಜ, ಅದಕ್ಕೆ ತಯಾರಾಗಿಯೇ ಮಾತಾಡಿ.

ತಯಾರಿ ಅಂದರೆ ಮೂರು ತಿಂಗಳ ಮನೆಖರ್ಚು ಕೈಯಲ್ಲಿ ಇರಲಿ. ಗಂಡನಿಗೆ ಎಲ್ಲ ಹೇಳಿ. ನಿಮ್ಮ ಪತ್ರದಲ್ಲಿ ಅವರ ಮಾತೇ ಇಲ್ಲ, ಇದನ್ನು ಒಬ್ಬರೇ ಹೊರಬೇಡಿ. ಟ್ಯಾಲಿ, ಜಿಎಸ್‌ಟಿ ಗೊತ್ತಿರುವವರಿಗೆ ಹುಬ್ಬಳ್ಳಿಯಲ್ಲಿ ಕೆಲಸ ಹುಡುಕುವುದು ಕಷ್ಟ ಆದರೂ ಆಗದ್ದಲ್ಲ. ಸಭೆಯಲ್ಲಿ ಇಬ್ಬರು ಲೆಕ್ಕಪರಿಶೋಧಕರ ಆಫೀಸಿನಲ್ಲಿದ್ದಾರೆ ಅಂತ ನೀವೇ ಬರೆದಿದ್ದೀರಿ, ಅವರನ್ನು ಕೇಳಿ. ಒಂದು ಅಪಾಯ ಇದೆ. "ಬೇರೆ ಕೆಲಸ ಸಿಕ್ಕ ಮೇಲೆ" ಅನ್ನುವ ಮಾತು ಎರಡು ತಿಂಗಳಿಂದ ಎರಡು ವರ್ಷಕ್ಕೆ ಎಳೆಯುತ್ತದೆ. ಅದಕ್ಕೇ ಒಂದು ತಾರೀಖು ಗೊತ್ತು ಮಾಡಿ, ಆ ತಾರೀಖನ್ನು ನಿಮ್ಮ ಗಂಡನಿಗಲ್ಲದೆ ಇನ್ನೊಬ್ಬರಿಗೂ ಹೇಳಿಡಿ. ನನಗೆ ಹೇಳಿದರೂ ಆಯಿತು.

ತೆರಿಗೆ ಇಲಾಖೆಗೆ ದೂರು ಕೊಡಬೇಕೇ? ಅದನ್ನು ನೀವು ಕೇಳಿಲ್ಲ, ಆದರೆ ಮನಸ್ಸಿಗೆ ಬಂದೇ ಬರುತ್ತದೆ. ಇಷ್ಟು ದಿನ ಬರೆದವರು ನೀವೇ ಆದ್ದರಿಂದ ಯಾವ ಹೆಜ್ಜೆ ಇಡುವ ಮುಂಚೆಯೂ ಒಬ್ಬ ವಕೀಲರ ಹತ್ತಿರ ಕೂತು ಎಲ್ಲ ಹೇಳಿ. ಕೋಪದಲ್ಲಿ ಚೀಟಿಗಳ ಫೋಟೊ ತೆಗೆದು "ಇದು ನನ್ನ ಹತ್ತಿರ ಇದೆ" ಅಂತ ಸಾವ್ಕಾರರಿಗೆ ಹೇಳುವ ಕೆಲಸ ಮಾತ್ರ ಯಾವತ್ತೂ ಬೇಡ. ಒಂದು ಪಾಪ ಬಿಡಲು ಹೋಗಿ ಇನ್ನೊಂದಕ್ಕೆ ಕೈ ಹಾಕಿದಂತೆ.

ಉತ್ತಂಗಿ ಚನ್ನಪ್ಪನವರ ಹೆಸರು ನಿಮ್ಮ ತವರಿನವರು ಕೇಳಿರುತ್ತಾರೆ. ಬಾಸೆಲ್ ಮಿಷನ್ ಸಭೆಯ ಪಾಲಕರು. ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ನೆರೆಯವರ ನುಡಿಯನ್ನು ಅಷ್ಟು ಪ್ರೀತಿಸಿದರೂ ಅವರು ಸಭಾಪಾಲಕರಾಗಿಯೇ ಇದ್ದರು. ನೆರೆಯವರೂ ಅವರನ್ನು ನಂಬಿದರು. ಅಂಗಡಿಯವರು ನಿಮ್ಮನ್ನು ಹಾಗೆ ನಂಬಲಿ ಅನ್ನುವುದು ನನ್ನ ಆಸೆ. ಪ್ರಸಾದ ತಿನ್ನದ ಅಕ್ಕ ಅಂತ ಅವರಿಗೆ ಗೊತ್ತಾದರೆ ಗೊತ್ತಾಗಲಿ. ಸುಳ್ಳು ಬರೆಯದ ಅಕ್ಕ ಅಂತಲೂ ಗೊತ್ತಾಗಲಿ.

ಮುಂದಿನ ತಿಂಗಳು ಲಕೋಟೆ ಬಂದಾಗ ತೆರೆಯಬೇಡಿ. ಸಂಬಳ ಇಟ್ಟುಕೊಂಡು ಅದನ್ನು ಅವರ ಮೇಜಿನ ಮೇಲೆ ವಾಪಸ್ ಇಡಿ, ಮಾತು ಅಲ್ಲಿಂದ ಶುರುವಾಗಲಿ. ಅದಕ್ಕೆ ಮುಂಚೆ ಯಾವುದಾದರೂ ಗುರುವಾರ ಸಂಜೆ ಆರರ ಮೇಲೆ ಗಂಡನನ್ನೂ ಕರೆದುಕೊಂಡು ಮನೆಗೆ ಬನ್ನಿ. ಮೂವರೂ ಕೂತು ಏನು ಹೇಳಬೇಕು ಅಂತ ಒಂದು ಸಲ ಗಟ್ಟಿಯಾಗಿ ಹೇಳಿ ನೋಡೋಣ.